ಟೂಲ್‌ರೂಮಣ್ಣನ ಪಟ್ಟಿ

ಅವರ ಬೆರಳುಗಳು ಎಷ್ಟು ದಪ್ಪಗಿದ್ದವೆಂದರೆ ಕೀಬೋರ್ಡಿನ ಮೇಲೆ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿದ್ದವು. ಅದಕ್ಕೇ ಅವರು ಬೆರಳಿನಿಂದ ಟೈಪು ಮಾಡುತ್ತಿರಲಿಲ್ಲ. ಕೆಂಪು ಕಪ್ಪು ಪಟ್ಟೆಯ ಪೆನ್ಸಿಲೊಂದನ್ನು ತಲೆಕೆಳಗಾಗಿ ಹಿಡಿದು, ಅದರ ಮೊಂಡು ತುದಿಯಿಂದ ಒಂದೊಂದೇ ಕೀಯನ್ನು ಕುಟ್ಟುತ್ತಿದ್ದರು. ಕುಟ್ಟಿದ ಮೇಲೆ ಪರದೆಯನ್ನೊಮ್ಮೆ, ತೊಡೆಯ ಮೇಲಿನ ನೋಟುಪುಸ್ತಕವನ್ನೊಮ್ಮೆ ನೋಡಿ ತುಟಿ ಅಲ್ಲಾಡಿಸುವರು. ಇಡೀ ಸಾಲು ಮುಗಿದ ಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ಹೆಬ್ಬೆಟ್ಟಿನಿಂದ ಎಂಟರ್ ಒತ್ತುವರು. ಆ ಹೆಬ್ಬೆಟ್ಟಿನ ಉಗುರಿನ ಸಂದಿಯಲ್ಲಿ ಲೇತ್ ಯಂತ್ರದ ಎಣ್ಣೆ ಮೂವತ್ತು ವರ್ಷದಿಂದ ಕೂತಿತ್ತು. ಯಾವ ಸೋಪಿಗೂ ಅದು ಹೋಗುತ್ತಿರಲಿಲ್ಲ.

ನಾವೆಲ್ಲ ಅವರನ್ನು ಟೂಲ್‌ರೂಮಣ್ಣ ಎನ್ನುತ್ತಿದ್ದೆವು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಂಪುಗಳ ಬಿಡಿಭಾಗ ಮಾಡುವ ಕಾರ್ಖಾನೆ ನಮ್ಮದು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಲ್ಲಿ ರವಾನೆ ವಿಭಾಗಕ್ಕೆ ಟೈಪಿಸ್ಟಾಗಿ ಸೇರಿದೆ. ಬೆಳಿಗ್ಗೆ ಹೆಮ್ಮಿಗೆಯಿಂದ ತಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ಕೆಲಸ ತಾತ್ಕಾಲಿಕ. ಆರು ತಿಂಗಳಿಗೊಮ್ಮೆ ಮುಂದುವರಿಕೆಯ ಕಾಗದ ಬರುತ್ತಿತ್ತು, ಬರದಿದ್ದರೆ ಮನೆಗೆ. ನಮ್ಮ ಕೇರಿಯಲ್ಲಿ ಬ್ಯಾಗು ನೇತುಹಾಕಿಕೊಂಡು ಕಾರ್ಖಾನೆಗೆ ಹೋದ ಮೊದಲ ಹೆಣ್ಣು ನಾನೇ. ಅಮ್ಮ ಆಗಲೂ ಕಂಡವರ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಕಾಗದ ಬರದ ದಿನ ನಾನೂ ಅವಳ ಪಕ್ಕದಲ್ಲಿ ಬಗ್ಗಿ ನಿಲ್ಲಬೇಕಾದೀತು ಎಂಬ ಭಯ ಆ ವರ್ಷಗಳಲ್ಲಿ ನನ್ನನ್ನು ಒಂದು ದಿನವೂ ಬಿಡಲಿಲ್ಲ.

ಟೂಲ್‌ರೂಮ್ ಅಂದರೆ ಕಾರ್ಖಾನೆಯ ಉಪಕರಣಗಳ ಉಗ್ರಾಣ. ಅದಕ್ಕೊಂದು ಕಬ್ಬಿಣದ ಕಿಟಕಿ, ಕಿಟಕಿಯ ಹಿಂದೆ ಅಣ್ಣ. ಸ್ಪ್ಯಾನರು, ಡ್ರಿಲ್ಲಿನ ಮೊನೆ, ಅಳತೆಯ ಮಾಪಕ, ಏನು ಬೇಕಾದರೂ ತಮ್ಮ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಟ್ಟು ಪಡೆಯಬೇಕು. ಬಿಲ್ಲೆ ಮೊಳೆಗೆ, ಉಪಕರಣ ಕೈಗೆ. ಯಾವ ಕೆಲಸದವರಿಗೆ ಯಾವ ಉಪಕರಣ ಕೊಡಬಹುದು ಎಂಬ ಪಟ್ಟಿ ಒಳಗಿನ ಗೋಡೆಯ ಮೇಲಿತ್ತು. ಅದರಲ್ಲಿ ಇಲ್ಲದ್ದನ್ನು ಬ್ರಹ್ಮ ಬಂದು ಕೇಳಿದರೂ ಕೊಡುತ್ತಿರಲಿಲ್ಲ. ಒಂದು ಸಲ ಮ್ಯಾನೇಜರೇ ತಮ್ಮ ಸ್ಕೂಟರಿನ ನಟ್ಟು ಬಿಗಿಯಲು ಬರಿಗೈಯಲ್ಲಿ ಬಂದು ಸ್ಪ್ಯಾನರು ಕೇಳಿದರು. ‘ಬಿಲ್ಲೆ ತನ್ನಿ ಸಾ’ ಎಂದರು ಅಣ್ಣ. ಮ್ಯಾನೇಜರಿಗೆ ಬಿಲ್ಲೆ ಎಲ್ಲಿಂದ ಬರಬೇಕು? ಕೊನೆಗೆ ಫಿಟ್ಟರನೊಬ್ಬ ತನ್ನ ಬಿಲ್ಲೆ ಕೊಟ್ಟು ಮಾನ ಉಳಿಸಿದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರ್ಖಾನೆಗೆ ಎಂಟು ಕಂಪ್ಯೂಟರುಗಳು ಬಂದವು. ಬಂದ ತಿಂಗಳೊಳಗೆ ಅವುಗಳ ತುಂಬ ಆಟಗಳು, ಸಿನಿಮಾ ಹಾಡುಗಳು, ಯಾರೋ ಎಲ್ಲಿಂದಲೋ ತಂದು ತುಂಬಿದ ಕಸ. ಲಾರಿ ಬಾಗಿಲಲ್ಲಿ ನಿಂತಿರುತ್ತಿತ್ತು, ಚಲನ್ ಮುದ್ರಿಸಬೇಕಾದವರು ಇಸ್ಪೀಟು ಆಡುತ್ತಿದ್ದರು. ಮ್ಯಾನೇಜರು ತಲೆ ಕೆಡಿಸಿಕೊಂಡು, ಮೂವತ್ತು ವರ್ಷದಲ್ಲಿ ಒಂದು ಸ್ಪ್ಯಾನರೂ ಕಳೆಯದ ಮನುಷ್ಯನ ಕೈಗೇ ಕಂಪ್ಯೂಟರುಗಳನ್ನೂ ಕೊಡುವುದೆಂದು ತೀರ್ಮಾನಿಸಿದರು. ಏಳನೇ ತರಗತಿ ಓದಿದ, ವಿಭೂತಿ ಹಚ್ಚಿ ಕಳಲೆಯಿಂದ ಸೈಕಲ್ಲಿನಲ್ಲಿ ಬರುವ ಈ ಮುದುಕನಿಗೆ ಕಂಪ್ಯೂಟರೇ ಎಂದು ನಾವೆಲ್ಲ ನಕ್ಕೆವು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ.

ಮೈಸೂರಿನಿಂದ ಎಂಜಿನಿಯರೊಬ್ಬ ಬಂದು ಮೂರು ದಿನ ಅವರಿಗೆ ಪಾಠ ಹೇಳಿದ. ಪಾಠದ ತಿರುಳು ಇಷ್ಟೇ: ಪ್ರತಿ ಕಂಪ್ಯೂಟರಿಗೂ ಒಂದು ಪಟ್ಟಿ. ಪಟ್ಟಿಯಲ್ಲಿರುವ ಪ್ರೋಗ್ರಾಮು ಓಡುತ್ತದೆ, ಇಲ್ಲದ್ದು ಓಡುವುದಿಲ್ಲ. ಇದನ್ನು ಮೌಸು ಒತ್ತಿ ಒತ್ತಿಯೂ ಮಾಡಬಹುದು, ಕಪ್ಪು ಪರದೆಯೊಂದನ್ನು ತೆರೆದು ಆಜ್ಞೆಗಳನ್ನು ಟೈಪು ಮಾಡಿಯೂ ಮಾಡಬಹುದು. ಮೌಸು ಸುಲಭ ಎಂದ ಎಂಜಿನಿಯರು. ಅಣ್ಣ ಒಪ್ಪಲಿಲ್ಲ.

‘ಅದ ಒತ್ತೀರೆ ಏನ್ ಒತ್ತುದ್ವಿ ಅನ್ನಕ್ಕೆ ಯಾರ್ ಸಾಕ್ಸಿ? ಬರ್ದುದ್ದು ಅಂದ್ರೆ ಬರ್ದುದ್ದು. ನಂಗೆ ಕಪ್ಪು ಪರ್ದೇಲೇ ಯೋಳ್ಕೊಡಿ ಸಾ.’

ಹಾಗೆ ಶುರುವಾಯಿತು ಪೆನ್ಸಿಲಿನ ಕುಟ್ಟಾಟ. ಇಂಗ್ಲಿಷ್ ಅಕ್ಷರಗಳನ್ನು ಗುರುತಿಸುವಷ್ಟು ಬರುತ್ತಿತ್ತು, ಓದಿ ಅರ್ಥ ಮಾಡಿಕೊಳ್ಳುವಷ್ಟು ಬರುತ್ತಿರಲಿಲ್ಲ. ಹಾಗಾಗಿ ಎಲ್ಲ ಆಜ್ಞೆಗಳನ್ನೂ ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು. ‘ರೆಗ್, ಒಂದು ಜಾಗ ಬಿಡು, ಆಡ್, ಒಂದು ಜಾಗ ಬಿಡು, ಹಿಂದಕ್ಕೆ ವಾಲಿದ ಗೀಟು’ ಹೀಗೆ. ನನ್ನ ಟೈಪಿಂಗು ನಿಮಿಷಕ್ಕೆ ನಲವತ್ತು ಪದದ್ದು. ಅವರ ಒಂದು ಸಾಲು ಮುಗಿಯುವಷ್ಟರಲ್ಲಿ ನಾನು ಎರಡು ಚಲನ್ ಮುಗಿಸುತ್ತಿದ್ದೆ. ಆದರೂ ಆ ಹಿಂದಕ್ಕೆ ವಾಲಿದ ಗೀಟುಗಳ ಸಾಲು ಏನು ಮಾಡುತ್ತದೆ ಎಂದು ನನಗೆ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ಒಂದು ಸಲ ಕೇಳಿಯೇ ಬಿಟ್ಟೆ.

‘ನಂಗೂ ಪೂರ್ತಿ ಗೊತ್ತಿಲ್ಲ ಕಣವ್ವ’ ಎಂದರು, ಸ್ವಲ್ಪವೂ ನಾಚದೆ. ‘ಲೇತ್ ಒಳ್ಗೆ ಏನದೆ ಅಂತ ನಾ ಯಾವತ್ತೂ ಬಿಚ್ ನೋಡಿಲ್ಲ. ಯಾವ ಇಡಿ ಎಳುದ್ರೆ ನಿಂತ್ಕತದೆ ಅಂತ ಗೊತ್ತು. ಅಷ್ಟು ಸಾಕು.’

ಅವರ ಮಾತೂ ಅವರ ಕಪ್ಪು ಪರದೆಯ ಹಾಗೆಯೇ, ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಪಟ್ಟಿಯಲ್ಲಿಲ್ಲದ ಪ್ರೋಗ್ರಾಮನ್ನು ತೆರೆಯಲು ಹೋದರೆ ಪರದೆಯ ನಡುವೆ ಒಂದು ಪುಟ್ಟ ಚೌಕ ಬಂದು, ಮೇಲಿನವರು ಇದನ್ನು ತಡೆದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ನಾವು ಅದಕ್ಕೆ ಅಣ್ಣನ ಚೀಟಿ ಎಂದು ಹೆಸರಿಟ್ಟಿದ್ದೆವು. ‘ನಂಗೂ ಇವತ್ತು ಅಣ್ಣನ್ ಚೀಟಿ ಬಂತು ಕಣ್ರೀ’ ಎಂದು ಲೆಕ್ಕಪತ್ರ ವಿಭಾಗದವರು ಊಟದ ಹೊತ್ತಿನಲ್ಲಿ ಹೇಳಿಕೊಂಡು ನಗುತ್ತಿದ್ದರು. ಹೋಗಿ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: ‘ಪಟ್ಟೀಲಿ ಇಲ್ಲ.’

ನನಗೆ ಅವರು ಹತ್ತಿರದವರಾಗಿರಲಿಲ್ಲ, ಇದನ್ನು ಮೊದಲೇ ಹೇಳಬೇಕು. ಹೆಂಗಸರನ್ನೆಲ್ಲ ಅವ್ವ ಎಂದು ಕರೆಯುತ್ತಿದ್ದರು, ನನ್ನನ್ನೂ. ಆದರೆ ಊಟಕ್ಕೆ ಎಲ್ಲರೊಡನೆ ಕೂರುತ್ತಿರಲಿಲ್ಲ. ಟೂಲ್‌ರೂಮಿನ ಹಿಂದೆ ಒಬ್ಬರೇ ಕೂತು, ಉಂಡು, ತಮ್ಮ ಲೋಟವನ್ನು ತಾವೇ ತೊಳೆದುಕೊಂಡು ಬರುವರು. ನಮ್ಮ ಮನೆಯ ನಡುಗೋಡೆಯ ಮೇಲೆ ಬುದ್ಧನ ಪಟ, ಅವರ ಹಣೆಯ ಮೇಲೆ ಮೂರೆಳೆ ವಿಭೂತಿ. ಅವರ ದೂರ ಜಾತಿಯದೋ ಸ್ವಭಾವದ್ದೋ ಎಂದು ನಾನು ಬಹಳ ಸಲ ಅಳೆದು ನೋಡಿದ್ದೇನೆ. ನಮ್ಮಂಥವರಿಗೆ ಇಂಥದ್ದನ್ನು ಅಳೆಯುವುದು ಚಿಕ್ಕಂದಿನಿಂದಲೇ ಅಭ್ಯಾಸ. ಒಂದು ಬುದ್ಧಪೂರ್ಣಿಮೆಯ ಮರುದಿನ ಡಬ್ಬಿಯಲ್ಲಿ ಪಾಯಸ ತಂದು, ಬೇಕೆಂದೇ ಅವರಿಗೂ ಕೊಟ್ಟೆ. ಎರಡೂ ಕೈಯಲ್ಲಿ ಈಸಿಕೊಂಡರು. ಅವರು ತಿಂದದ್ದನ್ನು ಮಾತ್ರ ಯಾರೂ ನೋಡಲಿಲ್ಲ. ಮರುದಿನ ಡಬ್ಬಿಯನ್ನು ತೊಳೆದು, ಬರಿದು ಕೊಡಬಾರದೆಂದು ಹುರಿದ ಕಡಲೆಕಾಯಿ ತುಂಬಿ ಮೇಜಿನ ಮೇಲಿಟ್ಟು ಹೋದರು. ಕಡಲೆಕಾಯಿ ತಿನ್ನುತ್ತ ನಾನು ಯೋಚಿಸಿದ್ದು, ಇವರು ಪಾಯಸ ತಿಂದರೋ ಚೆಲ್ಲಿದರೋ ಎಂದೇ.

ಅವರ ಮೊದಲ ದೊಡ್ಡ ಎಡವಟ್ಟು ಆಯುಧಪೂಜೆಯದು. ಆ ದಿನ ಟೂಲ್‌ರೂಮಿನಿಂದ ಒಂದು ಸ್ಕ್ರೂಡ್ರೈವರೂ ಹೊರಗೆ ಬರುವುದಿಲ್ಲ. ಉಪಕರಣಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಹೂವು ಕುಂಕುಮ ಇಟ್ಟು, ಬೂದುಗುಂಬಳ ಒಡೆದ ಮೇಲೆ ಬಾಗಿಲಿಗೆ ಬೀಗ. ವಿಜಯದಶಮಿ ಕಳೆದು ಕೆಲಸ ಶುರುವಾಗುವ ತನಕ ಯಾರೂ ಮುಟ್ಟುವಂತಿಲ್ಲ. ‘ವರ್ಸೆಲ್ಲ ದುಡ್ದವೆ, ಎಲ್ಡ್ ದಿನ ಮಲೀಕಳ್ಲಿ’ ಎನ್ನುವರು, ಮನೆಯ ಎತ್ತುಗಳ ಬಗ್ಗೆ ಹೇಳುವ ಹಾಗೆ. ಆ ವರ್ಷ ಕಂಪ್ಯೂಟರುಗಳಿಗೂ ಪೂಜೆಯಾಯಿತು. ಎಂಟೂ ಮಾನಿಟರುಗಳ ಹಣೆಗೆ ತಾವೇ ವಿಭೂತಿ ಬಳಿದರು. ನಾವು ಕಡ್ಲೆಪುರಿ ಈಸಿಕೊಂಡು ಮನೆಗೆ ಹೊರಟಾಗ ಅವರಿನ್ನೂ ಪೆನ್ಸಿಲು ಹಿಡಿದು ಕುಟ್ಟುತ್ತಿದ್ದರು.

ಅವರು ಅಲ್ಲಿ ಕೂತು ಮಾಡಿದ್ದೇನೆಂದರೆ, ಎಂಟೂ ಕಂಪ್ಯೂಟರುಗಳ ಪಟ್ಟಿಯಿಂದ ಎಲ್ಲವನ್ನೂ ತೆಗೆದುಹಾಕಿದ್ದು. ಉಪಕರಣಗಳಿಗೆ ವಿಶ್ರಾಂತಿಯಾದರೆ ಪ್ರೋಗ್ರಾಮುಗಳಿಗೂ ವಿಶ್ರಾಂತಿ. ಎರಡು ದಿನ ಬಿಟ್ಟು ಬಂದು ಕಪ್ಪು ಪರದೆ ತೆರೆದು ಎಲ್ಲವನ್ನೂ ಪುನಃ ಸೇರಿಸಿದರಾಯಿತು ಎಂದು ಅವರ ಅಂದಾಜು. ಆ ಕಪ್ಪು ಪರದೆಯೂ ಒಂದು ಪ್ರೋಗ್ರಾಮೇ, ಅದೂ ಪಟ್ಟಿಯಲ್ಲಿ ಇರಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಅದು ಟೂಲ್‌ರೂಮಿನ ಕಿಟಕಿ. ಕಿಟಕಿಯನ್ನು ಯಾರಾದರೂ ಉಪಕರಣವೆಂದು ಎಣಿಸುತ್ತಾರೆಯೇ?

ಕೆಲಸ ಶುರುವಾದ ಬೆಳಿಗ್ಗೆ ಎಂಟು ಕಂಪ್ಯೂಟರುಗಳೂ ಹೊತ್ತಿಕೊಂಡು ಖಾಲಿ ನೀಲಿ ಬಣ್ಣ ತೋರಿಸುತ್ತ ಕೂತವು. ಒತ್ತಿದರೆ ಏನೂ ಇಲ್ಲ. ಗೇಟಿನಲ್ಲಿ ಮೂರು ಲಾರಿ. ಅಣ್ಣ ನೋಟುಪುಸ್ತಕ ತೆರೆದು, ಪೆನ್ಸಿಲು ಹಿಡಿದು, ಎಲ್ಲಿ ಕುಟ್ಟುವುದೆಂದು ತಿಳಿಯದೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ನನಗೆ ನಗುವೂ ಬಂತು, ಪಾಪವೂ ಎನಿಸಿತು. ಮಧ್ಯಾಹ್ನ ಮೈಸೂರಿನಿಂದ ಎಂಜಿನಿಯರು ಬಂದು, ಕಂಪ್ಯೂಟರು ಏಳುವ ಹೊತ್ತಿಗೇ ಯಾವುದೋ ಕೀ ಒತ್ತಿ ಹಿಂಬಾಗಿಲಿನಿಂದ ಒಳಗೆ ಹೋಗಿ ಸರಿಮಾಡಿದ. ಬಿದ್ದು ಬಿದ್ದು ನಕ್ಕ. ಮ್ಯಾನೇಜರು ನಗಲಿಲ್ಲ.

‘ಇನ್ನೊಂದ್ಸಲ ಹೀಗಾದ್ರೆ ನಿಮಗೆ ನಿಮ್ಮ ಟೂಲ್‌ರೂಮೇ ಸರಿ. ಕಂಪ್ಯೂಟರ್ ಕಡೆ ತಲೆ ಹಾಕೋ ಹಾಗಿಲ್ಲ’ ಎಂದರು.

ಅಣ್ಣನ ಮುಖ ಅವತ್ತು ಬಿದ್ದ ಹಾಗೆ ನಾನು ಎಂದೂ ನೋಡಿರಲಿಲ್ಲ. ಆ ಕಪ್ಪು ಪರದೆಯ ಮೇಲೆ ಅವರಿಗೆ ಪ್ರೀತಿ ಹುಟ್ಟಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಕಳಲೆಯಲ್ಲಿ ಅವರನ್ನು ಜನ ಕಂಪ್ಯೂಟ್ರು ಯಜಮಾನ್ರು ಎನ್ನುತ್ತಾರಂತೆ ಎಂದು ಫಿಟ್ಟರುಗಳು ಹೇಳುತ್ತಿದ್ದರು. ಏಳನೇ ತರಗತಿಗೆ ಸ್ಲೇಟು ಬಿಟ್ಟ ಮನುಷ್ಯನಿಗೆ ಅದೇನು ಸಣ್ಣ ಬಿರುದಲ್ಲ.

ಮತ್ತೆ ಹಾಗೆ ಬೀಗದೊಳಗೆ ಸಿಕ್ಕಿಕೊಳ್ಳಬಾರದೆಂದು ಅವರು ಪ್ರತಿ ಕಂಪ್ಯೂಟರಿನಲ್ಲೂ ಸ್ಪೇರ್ ಎಂಬ ಫೋಲ್ಡರು ಮಾಡಿದರು. ಪಟ್ಟಿ ಏನೇ ಇರಲಿ, ಆ ಫೋಲ್ಡರಿನೊಳಗೆ ಇರುವುದೆಲ್ಲ ಓಡುತ್ತದೆ ಎಂದು ಒಂದು ಆಜ್ಞೆ ಕುಟ್ಟಿದರು. ಕಪ್ಪು ಪರದೆಯ ಒಂದು ಪ್ರತಿಯನ್ನು ಅದರಲ್ಲಿಟ್ಟರು. ನನ್ನ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಅವರು ಮಾಡಿದ್ದು ನಾನು ಪಕ್ಕದಲ್ಲೇ ನಿಂತಿದ್ದಾಗ, ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ. ಬಾಯಲ್ಲಿ ಹೇಳಿಕೊಳ್ಳದೆ ಅವರಿಗೆ ಬರುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ನಮ್ಮ ಅಕ್ಕನ ಮಗುವಿನ ನಾಮಕರಣ. ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮ ಮಾವನ ಮಗ ಕಾರ್ಡು ಅಚ್ಚು ಹಾಕುವ ಅಂಗಡಿ ಇಟ್ಟಿದ್ದ. ಕನ್ನಡ ಅಕ್ಷರದ ಪ್ರೋಗ್ರಾಮಿನ ಒಂದು ಸಿ.ಡಿ. ಕೊಟ್ಟು, ‘ನಂಗೆ ಪುರ್ಸೊತ್ತಿಲ್ಲ. ನೀನೇ ನಿನ್ ಆಫೀಸ್ನಲ್ಲಿ ಟೈಪ್ ಮಾಡ್ಕಂಡು ಬಾ’ ಎಂದ. ನನಗೂ ಅದೇ ಬೇಕಾಗಿತ್ತು. ಇದು ನಾನೇ ಕಂಪ್ಯೂಟರಿನಲ್ಲಿ ಮಾಡಿದ್ದು ಎಂದು ಕೇರಿಯವರ ಕೈಗೆ ಒಂದೊಂದೇ ಕಾರ್ಡು ಕೊಡುವ ಆಸೆ. ಬರೀ ಜಂಭ, ಬೇರೇನಲ್ಲ.

ಮೊದಲ ದಿನ ಅಣ್ಣನನ್ನು ಕೇಳಿದೆ. ಪಟ್ಟಿಯಲ್ಲಿ ಇಲ್ಲ ಎಂದರು. ಎರಡನೇ ದಿನ ಕಾರ್ಡಿನ ವಿಷಯ ಹೇಳಿ ಕೇಳಿದೆ. ‘ಒಳ್ಳೇದಾಗ್ಲಿ ಮಗೀಗೆ. ಪಟ್ಟೀಲಿ ಇಲ್ವಲ್ಲವ್ವ’ ಎಂದರು. ಮೂರನೇ ದಿನ ಸಿ.ಡಿ.ಯನ್ನು ಕೈಯಲ್ಲೇ ಹಿಡಿದು, ಒಂದು ಸಲ ನೋಡಿಯಾದರೂ ಹೇಳಿ ಎಂದೆ. ತಲೆ ಎತ್ತದೆ ಅದನ್ನೇ ಹೇಳಿದರು. ಮ್ಯಾನೇಜರ ಕಂಪ್ಯೂಟರಿನಲ್ಲಿ ಜಾತಕ ನೋಡುವ ಪ್ರೋಗ್ರಾಮು ಓಡುತ್ತಿದ್ದದ್ದು ನನಗೆ ಗೊತ್ತಿತ್ತು. ಅವರದಾದರೆ ಪಟ್ಟಿಯಲ್ಲಿ ಇರುತ್ತದೆ, ನಾವು ಕೇಳಿದ್ದು ಮಾತ್ರ ಇರುವುದಿಲ್ಲ ಎಂದು ಮೈಯೆಲ್ಲ ಉರಿಯಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸಿ.ಡಿ. ಹಾಕಿ, ಅದರಲ್ಲಿದ್ದದ್ದನ್ನೆಲ್ಲ ಸ್ಪೇರ್ ಫೋಲ್ಡರಿಗೆ ಸುರಿದೆ. ಒತ್ತಿದೆ. ಅಣ್ಣನ ಚೀಟಿ ಬರಲಿಲ್ಲ. ಕಾರ್ಡು ಚೆನ್ನಾಗಿಯೇ ಬಂತು.

ಮರುದಿನ ನನ್ನ ಕಂಪ್ಯೂಟರು ತೆವಳತೊಡಗಿತು. ಅದರ ಮರುದಿನ ಎಲ್ಲರದ್ದೂ. ಮೂರನೇ ದಿನ ತೆರೆದರೆ ಚಲನ್‌ಗಳಿಲ್ಲ, ಲೇಬಲ್‌ಗಳಿಲ್ಲ, ಗಿರಾಕಿಗಳ ವಿಳಾಸಗಳಿಲ್ಲ. ಆ ಸಿ.ಡಿ.ಯಲ್ಲಿ ಅಕ್ಷರಗಳ ಜೊತೆಗೆ ವೈರಸ್ಸೂ ಇತ್ತು. ನಾಲ್ಕು ದಿನ ಇಡೀ ಕಾರ್ಖಾನೆ ಕಾರ್ಬನ್ ಕಾಗದ ಇಟ್ಟು ಕೈಯಲ್ಲಿ ಬರೆಯಿತು. ಅದೇ ತಿಂಗಳು ರವಾನೆ ವಿಭಾಗದ ಇಬ್ಬರು ತಾತ್ಕಾಲಿಕರಲ್ಲಿ ಒಬ್ಬರನ್ನು ಕಾಯಂ ಮಾಡುವುದಿತ್ತು. ನಾನು ಒಬ್ಬಳು. ಈಗ ಕಾಯಂ ಆಗುವ ಮಾತಿರಲಿ, ಬಾಯಿ ಬಿಟ್ಟರೆ ಅವತ್ತೇ ಮನೆಗೆ. ನಾನು ಬಾಯಿ ಬಿಡಲಿಲ್ಲ. ರಾಶಿ ರಾಶಿ ಚಲನ್ ಕೈಯಲ್ಲಿ ಬರೆದೆ, ಎಲ್ಲರಿಗಿಂತ ಹೆಚ್ಚು ಬರೆದೆ. ಶಹಬ್ಬಾಸ್ ಎಂದರು ಮ್ಯಾನೇಜರು. ನಾನು ತಲೆ ಎತ್ತದೆ ಮುಂದಿನ ಚಲನ್ ಎಳೆದುಕೊಂಡೆ.

ಮೈಸೂರಿನ ಎಂಜಿನಿಯರು ಎಲ್ಲವನ್ನೂ ಜಾಲಾಡಿ ಹೇಳಿದ: ವೈರಸ್ಸು ಬಂದದ್ದು ನಾಲ್ಕನೇ ನಂಬರಿನ ಕಂಪ್ಯೂಟರಿನಿಂದ, ಸ್ಪೇರ್ ಎಂಬ ಫೋಲ್ಡರಿನ ಮೂಲಕ, ಊಟದ ಹೊತ್ತಿನಲ್ಲಿ. ನಾಲ್ಕನೇ ನಂಬರು ನನ್ನದು. ಮ್ಯಾನೇಜರು ನನ್ನನ್ನೂ ಅಣ್ಣನನ್ನೂ ಕೋಣೆಗೆ ಕರೆಸಿದರು. ನನ್ನ ಕಡೆ ತಿರುಗಿ, ‘ಯಾರು ಹಾಕಿದ್ದು?’ ಎಂದರು.

‘ಸಾ, ಅದು ನನ್ ತಪ್ಪು’ ಎಂದರು ಅಣ್ಣ.

‘ನೀವು ಹಾಕಿದ್ರಾ?’

‘ಆ ಬಾಗ್ಲು ತೆಗ್ದಿಟ್ಟೋನು ನಾನು.’

‘ನಾನು ಕೇಳಿದ್ದು ಹಾಕಿದೋರು ಯಾರು ಅಂತ.’

‘ಸ್ಪ್ಯಾನರ್ ಕಳ್ದೋದ್ರೆ ನೀವು ಯಾರ್ನ ಕೇಳ್ತೀರಿ ಸಾ? ಕಿಟ್ಕೀಲಿ ಕುಂತಿರೋನ್ನ. ನನ್ನೇ ಕೇಳಿ. ಆ ಮಗೀನ್ ಯಾಕ್ ಕೇಳ್ತೀರಿ?’

ಮ್ಯಾನೇಜರಿಗೆ ಪಿತ್ತ ನೆತ್ತಿಗೇರಿತು. ಆಯುಧಪೂಜೆಯ ಹಳೆಯ ಕತೆಯನ್ನೂ ಎಳೆದು ತಂದರು. ವಯಸ್ಸಾಯಿತು, ಬುದ್ಧಿ ಇಲ್ಲ, ಇವತ್ತಿನಿಂದ ಕಂಪ್ಯೂಟರು ಮುಟ್ಟಬೇಡಿ ಎಂದರು. ಅಣ್ಣ ಎಲ್ಲದಕ್ಕೂ ‘ಆಯ್ತು ಸಾ’ ಎಂದರು. ಹೊರಗೆ ಬಂದಾಗ ನಾನು ಅವರ ಹಿಂದೆ ಎರಡು ಹೆಜ್ಜೆ ಹೋದೆ. ಅವರು ತಿರುಗಲಿಲ್ಲ. ಗುಜರಿ ರಾಶಿಯ ಪಕ್ಕದಿಂದ ಸುತ್ತುಹಾಕಿ ಟೂಲ್‌ರೂಮಿಗೆ ಹೋಗಿಬಿಟ್ಟರು.

ಕಾಯಂ ಮಾಡಿದ ಕಾಗದ ನನಗೇ ಬಂತು. ಅಮ್ಮನಿಗೆ ಅವತ್ತೇ ಕಳೆ ಕೀಳುವುದನ್ನು ಬಿಡು ಎಂದೆ. ಅವಳು ಬಿಡಲಿಲ್ಲ, ಅದು ಬೇರೆ ಮಾತು. ಮರುದಿನ ಕಾಗದ ಹಿಡಿದು ಟೂಲ್‌ರೂಮಿನ ಕಿಟಕಿಯ ಮುಂದೆ ನಿಂತೆ. ಎಲ್ಲವನ್ನೂ ಹೇಳಿ ಕಾಲಿಗೆ ಬೀಳಬೇಕೆಂದು ಬಸ್ಸಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರು ನನ್ನನ್ನು ಕಂಡವರೇ ಬೆನ್ನು ತಿರುಗಿಸಿ ಕಪಾಟಿನಲ್ಲಿ ಏನೋ ಹುಡುಕತೊಡಗಿದರು.

‘ಬಿಲ್ಲೆ ಅದಾ?’ ಎಂದರು.

‘ಇಲ್ಲಣ್ಣ, ನಾನು ಬಂದಿದ್ದು...’

‘ಬಿಲ್ಲೆ ಇಲ್ದೆ ಇಲ್ಲಿ ನಿಂತ್ಕಬ್ಯಾಡ ಕಣವ್ವ. ಇಂದೆ ಜನ ಅವ್ರೆ.’

ನನ್ನ ಹಿಂದೆ ಯಾರೂ ಇರಲಿಲ್ಲ. ಕಾಗದ ಮಡಿಸಿಕೊಂಡು ಆ ಖಾಲಿ ಅಂಗಳ ದಾಟಿ ಬಂದುಬಿಟ್ಟೆ.

ಆಮೇಲೆ ಪಟ್ಟಿಯ ಕೆಲಸವೂ ನನ್ನ ಪಾಲಿಗೇ ಬಂತು. ಟೈಪಿಂಗು ಚುರುಕು ಎಂದು ಮ್ಯಾನೇಜರು ನನಗೇ ವಹಿಸಿದರು. ಅಣ್ಣ ಒಂದು ಸಲ ಬಂದು ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟು, ‘ಎಲ್ಲ ಇದ್ರಲ್ಲೇ ಅದೆ’ ಎಂದು ಹೇಳಿ, ನಾನು ಏಳುವಷ್ಟರಲ್ಲಿ ಹೊರಟುಹೋದರು. ಪುಟ ತಿರುಗಿಸಿದೆ. ಸ್ಪೇರ್ ಫೋಲ್ಡರಿನ ಆಜ್ಞೆ ಇದ್ದ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದಿದ್ದರು. ಕೆಳಗೆ ‘ಮಾಡಕೂಡದು’ ಎಂದು ಬರೆದಿತ್ತು. ಯಾರಿಗೆ ಬರೆದದ್ದು ಇದು? ತಮಗೋ, ನನಗೋ? ಅವರ ಆಜ್ಞೆಗಳನ್ನು ಒಂದೊಂದೇ ಅರ್ಥ ಮಾಡಿಕೊಳ್ಳುತ್ತ ಹೋದಾಗ ಮ್ಯಾನೇಜರ ಜಾತಕದ ಪ್ರೋಗ್ರಾಮು ಯಾವ ಪಟ್ಟಿಯಲ್ಲೂ ಇಲ್ಲದ್ದೂ ಗೊತ್ತಾಯಿತು. ಮ್ಯಾನೇಜರ ಕಂಪ್ಯೂಟರು ನಮ್ಮ ಎಂಟರಲ್ಲಿ ಸೇರಿದ್ದಲ್ಲ, ಅದಕ್ಕೆ ಪಟ್ಟಿಯೇ ಬೇಡವೆಂದು ಮೇಲಿನವರೇ ಹೇಳಿದ್ದರು. ಅವತ್ತು ನಾನು ಅಣ್ಣನ ಮೇಲೆ ಉರಿದುಕೊಂಡದ್ದಕ್ಕೆ ಕಾರಣವೇ ಇರಲಿಲ್ಲ.

ಅವರು ನಿವೃತ್ತರಾಗುವ ತನಕದ ಎರಡು ವರ್ಷ ನಾವಿಬ್ಬರೂ ಒಂದೇ ಅಂಗಳದಲ್ಲಿ ಓಡಾಡಿದೆವು. ಅವರು ಆ ಕಡೆಯಿಂದ ಬಂದರೆ ನಾನು ಈ ಕಡೆಯಿಂದ ಹೋಗುತ್ತಿದ್ದೆ, ನಾನು ಬಂದರೆ ಅವರು. ನನಗೆ ನಾನೇ ನೂರು ಅರ್ಥ ಹೇಳಿಕೊಂಡೆ. ಬಡವರ ಹುಡುಗಿ ಎಂದು ಕನಿಕರಪಟ್ಟು ಉಳಿಸಿದರು, ಆದರೆ ಕಳ್ಳಿ ಎಂದು ಅಸಹ್ಯಪಡುತ್ತಾರೆ. ಅಥವಾ ಇಂಥ ಜಾತಿಯವಳಿಗಾಗಿ ಮರ್ಯಾದೆ ಕಳೆದುಕೊಂಡೆನಲ್ಲ ಎಂದು ಅವರಿಗೆ ಈಗ ಪಶ್ಚಾತ್ತಾಪ. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು ಕೂತಿದ್ದರು. ನನ್ನ ಸರದಿ ಬಂದಾಗ ಕೈ ಮುಗಿದೆ. ಅವರೂ ಮುಗಿದರು. ಕಣ್ಣು ಮಾತ್ರ ನನ್ನ ಭುಜದಾಚೆ ಎಲ್ಲೋ ಇತ್ತು. ಕೈ ಹಿಡಿದು ಹೇಳಿಬಿಡಬಹುದಿತ್ತು. ಹಿಂದೆ ನಿಜವಾಗಿಯೂ ಜನ ನಿಂತಿದ್ದರು.

ಅವರು ತೀರಿಕೊಂಡದ್ದು ನನಗೆ ಮಣ್ಣಾದ ನಾಲ್ಕು ದಿನದ ಮೇಲೆ ಫಿಟ್ಟರೊಬ್ಬರಿಂದ ತಿಳಿಯಿತು. ಭಾನುವಾರ ಕಳಲೆಗೆ ಹೋದೆ. ದಾರಿಯಲ್ಲಿ ಸಿಕ್ಕವರನ್ನು ಮನೆ ಕೇಳಿಕೊಂಡು ನಡೆದೆ. ಆ ಮನೆಯೊಳಗೆ ನನ್ನನ್ನು ಕರೆಯುತ್ತಾರೋ ಇಲ್ಲವೋ ಎಂದು ಅಲ್ಲೂ ನನ್ನ ಅಳತೆ ನಡೆದೇ ಇತ್ತು. ಅವರ ಹೆಂಡತಿ ಜಗಲಿಯ ಮೇಲೆ ಕೂತಿದ್ದರು. ಕಾರ್ಖಾನೆಯಿಂದ ಬಂದೆ, ಹೆಮ್ಮಿಗೆಯವಳು ಎಂದೆ. ಆಕೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ಚಾಪೆ ಹಾಸಿದರು.

‘ಎಮ್ಮಿಗೆ ಉಡ್ಗಿ ನೀನೇಯಾ? ನಿನ್ ಮಾತ ಬಾಳ ಆಡೋರು ಕಣವ್ವ. ಆ ಮಗು ನನ್ ಕಂಡ್ರೆ ದಾರಿ ಬುಟ್ ಓಯ್ತದೆ, ನನ್ ಮ್ಯಾಲೆ ಅದುಕ್ಕೆ ಇನ್ನೂ ಕೋಪ ಓಗಿಲ್ಲ ಅಂತಿದ್ರು.’

ನನಗೆ ಏನೂ ಅರ್ಥವಾಗಲಿಲ್ಲ. ಕೋಪ? ನನಗೆ? ಬಸ್ಸಿನಲ್ಲಿ ವರ್ಷಗಟ್ಟಲೆ ಜೋಡಿಸಿದ ಮಾತೆಲ್ಲ ಮರೆತು, ಸುಮ್ಮನೆ ಹೇಳಿಬಿಟ್ಟೆ: ‘ಅಮ್ಮ, ತಪ್ಪು ಅವ್ರುದಲ್ಲ. ಆ ಸಿ.ಡಿ. ಆಕಿದ್ದು ನಾನು. ಅವ್ರು ನನ್ ಉಳ್ಸಕ್ಕೆ ತಮ್ ಮ್ಯಾಲೆ ಆಕ್ಕಂಡ್ರು.’

‘ನೀ ಆಕಿದ್ದು ಅಂತ ಅವ್ರಿಗೆ ಗೊತ್ತಿತ್ತು ಬುಡು’ ಎಂದರು ಆಕೆ. ‘ಆದ್ರೆ ಉಳ್ಸಕ್ಕೆ ಅಂತ ಅವ್ರು ಯಾವತ್ತೂ ಅನ್ನಿಲ್ಲ. ಅವ್ರು ಅಂತಿದ್ದುದ್ದೇ ಬ್ಯಾರೆ: ಆ ಮಗು ಮೂರ್ ದಪ ಬಂದು ಕೇಳ್ತು, ಕೈಯ್ಯಾಗೆ ಇಡ್ಕಂಡು ನೋಡಿ ಅಂತು, ನಾ ತಲೆ ಎತ್ತಿ ನೋಡ್ನಿಲ್ಲ. ನೋಡಿದ್ರೆ ಅದ್ರಲ್ಲಿ ರೋಗ ಅದೆ ಅಂತ ಅವತ್ತೇ ಗೊತ್ತಾಗ್ತಿತ್ತು. ಮ್ಯಾಲೆ ಬಾಗ್ಲೂ ನಾನೇ ತೆಗ್ದು ಮಡ್ಗಿದ್ದೆ, ಅದ್ರ ಎದುರ್ಗೇ. ನನ್ನಿಂದ ಆ ಮಗೀನ ಅನ್ನ ಓಗ್ಬುಡ್ತಿತ್ತಲ್ಲ ಕಣೆ ಅಂತ ಉಣ್ಣಕ್ಕೆ ಕುಂತಾಗೆಲ್ಲ ಅನ್ನೋರು. ಒಂದಿನ ಕಾಗ್ದ ಇಡ್ಕಂಡು ಬಯ್ಯಕ್ಕೆ ಕಿಟ್ಕಿ ತಾವ್ಕೂ ಬಂದಿದ್ಯಂತೆ. ನಿನ್ ಮುಕ ನೋಡಕ್ಕೆ ಧೈರ್ಯ ಬರ್ನಿಲ್ಲ ಅಂದ್ರು.’

ನಾನು ಚಾಪೆಯ ಅಂಚನ್ನು ಹಿಡಿದು ಕೂತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಬೇಕೆಂದು ತೋಚಲಿಲ್ಲ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

‘ಒಸಿ ಕೋಪ ಇತ್ತಾ ನಿಂಗೆ, ಅವ್ರ ಮ್ಯಾಲೆ?’ ಎಂದು ಕೇಳಿದರು.

‘ಇಲ್ಲ ಕಣಮ್ಮ. ಅದಾದ್ಮೇಲೆ ಒಂದಿನಾನೂ ಇರ್ನಿಲ್ಲ.’

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. ಬಯ್ಯುವ ದನಿಯಲ್ಲ, ಮನೆಯ ಮಕ್ಕಳನ್ನು ಕೇಳುವ ದನಿಯಲ್ಲೇ ಕೇಳಿದರು:

‘ಅಷ್ಟ ಅವ್ರಿಗೆ ಯೋಳ್ಬಾರ್ದಾಗಿತ್ತಾ ಮಗ?’